ಸ್ಕ್ಯಾನಿನಲ್ಲಿ ಕಾಣದ ನೋವಿಗೆ ಮನೋಚಿಕಿತ್ಸಕರನ್ನು ಹುಡುಕುವುದು ಹೇಗೆ? ಹಾಸನ, ಚಿಕ್ಕಮಗಳೂರಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಮನೆಯ ಬೀರುವಿನ ಮೇಲೆ ಜವಳಿ ಅಂಗಡಿಯ ಒಂದು ದೊಡ್ಡ ಚೀಲವಿದೆ. ಒಳಗಿರುವುದು ಸೀರೆಯಲ್ಲ, ನನ್ನ ಕತ್ತು ಮತ್ತು ಸೊಂಟದ ಐದು ಎಕ್ಸ್-ರೇ, ಎರಡು ಎಂಆರ್‌ಐ, ಲೆಕ್ಕವಿಲ್ಲದಷ್ಟು ರಕ್ತಪರೀಕ್ಷೆಯ ವರದಿಗಳು. ನಾಲ್ಕು ವರ್ಷ ಆ ಚೀಲ ಹಿಡಿದು ಚಿಕ್ಕಮಗಳೂರು, ಹಾಸನ, ಮಂಗಳೂರು ಸುತ್ತಿದ್ದೇನೆ. ಹೋದಲ್ಲೆಲ್ಲ ಒಂದೇ ಮಾತು: "ಅಂಥದ್ದೇನೂ ಇಲ್ಲ, ಟೆನ್ಷನ್ ಮಾಡಿಕೊಳ್ಳಬೇಡಿ." ಟೆನ್ಷನ್ ಮಾಡಿಕೊಳ್ಳದೆ ಇರುವುದು ಹೇಗೆಂದು ಮಾತ್ರ ಯಾರೂ ಚೀಟಿಯಲ್ಲಿ ಬರೆದುಕೊಡಲಿಲ್ಲ. ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುವ ನನಗೆ ಅರ್ಧ ಗಂಟೆ ಕುರ್ಚಿಯಲ್ಲಿ ಕೂರುವುದೇ ಕಷ್ಟವಾಗಿತ್ತು. ಕೊನೆಗೆ ನೆರವಾದವರು ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಮಾತಿನ ಮೂಲಕ ಚಿಕಿತ್ಸೆ ಕೊಡುವ ಮನಃಶಾಸ್ತ್ರಜ್ಞರು. ಅವರಿಗಿಂತ ಮೊದಲು ಇಬ್ಬರ ಬಳಿ ಹೋಗಿ ದುಡ್ಡು ಕಳೆದುಕೊಂಡಿದ್ದೆ, ಅದಕ್ಕಿಂತ ಹೆಚ್ಚಾಗಿ ನಂಬಿಕೆ ಕಳೆದುಕೊಂಡಿದ್ದೆ.

ನಾನು ವೈದ್ಯನಲ್ಲ. ಹುಡುಕಾಟದಲ್ಲಿ ಎಡವಿದ ಕಲ್ಲುಗಳು ಎಲ್ಲೆಲ್ಲಿವೆ ಎಂದು ಮಾತ್ರ ಬಲ್ಲೆ.

ಮೊದಲು ದೇಹದ ಲೆಕ್ಕ ಮುಗಿಸಿ

ಮನೋಚಿಕಿತ್ಸಕರ ಬಾಗಿಲಿಗೆ ಹೋಗುವ ಮೊದಲು ದೇಹವನ್ನು ಒಮ್ಮೆ ಸರಿಯಾಗಿ ನೋಡಿಸಿಕೊಳ್ಳಲೇಬೇಕು. ಮೂತ್ರ ಅಥವಾ ಮಲದ ಹತೋಟಿ ತಪ್ಪಿದರೆ, ತೊಡೆಸಂದು ಮತ್ತು ಆಸನದ ಭಾಗ ಮರಗಟ್ಟಿದರೆ, ಕೈಕಾಲಿನ ಶಕ್ತಿ ದಿನದಿಂದ ದಿನಕ್ಕೆ ಕುಂದಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಾತ್ರಿಯಿಡೀ ಒಂದೇ ಸಮನೆ ಕಾಡುವ ನೋವು, ಹಿಂದೆ ಕ್ಯಾನ್ಸರ್ ಆಗಿದ್ದ ಇತಿಹಾಸ, ಮರದಿಂದಲೋ ಬೈಕಿನಿಂದಲೋ ಬಿದ್ದ ನಂತರ ಶುರುವಾದ ನೋವು, ಇವುಗಳಲ್ಲಿ ಯಾವುದಿದ್ದರೂ ತಡಮಾಡಬೇಡಿ. ಎದೆನೋವನ್ನಂತೂ 'ಗ್ಯಾಸ್ಟ್ರಿಕ್' ಎಂದೋ 'ಟೆನ್ಷನ್' ಎಂದೋ ನೀವೇ ತೀರ್ಮಾನಿಸಬೇಡಿ.

ಮೈಕೈ ನೋವು ಬಹುಕಾಲದಿಂದ ಇದ್ದರೆ ಥೈರಾಯ್ಡ್, ಸಕ್ಕರೆ, ವಿಟಮಿನ್ ಡಿ, ಬಿ-12, ಉರಿಯೂತ ತೋರಿಸುವ ಇಎಸ್‌ಆರ್ ಅಥವಾ ಸಿಆರ್‌ಪಿ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಇಷ್ಟೆಲ್ಲ ಸರಿಯಿದೆ ಎಂದ ಮೇಲೆ ಇನ್ನೊಂದು ಎಂಆರ್‌ಐ ಮಾಡಿಸುವ ಚಪಲಕ್ಕೆ ಕಡಿವಾಣ ಹಾಕಿ. ನನ್ನ ವರದಿಯಲ್ಲಿ 'ಡಿಸ್ಕ್ ಬಲ್ಜ್' ಎಂದಿತ್ತು, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಸ್ವಲ್ಪ ಉಬ್ಬಿದೆ ಎಂದು. ಆ ಎರಡು ಪದಗಳಿಗೆ ಹೆದರಿ ಒಂದು ವರ್ಷ ಕೊಡಪಾನ ಎತ್ತಲಿಲ್ಲ. 2015ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಮರ್ಶೆಯ ಪ್ರಕಾರ ಬೆನ್ನುನೋವೇ ಇಲ್ಲದ 20 ವರ್ಷದವರಲ್ಲಿ ಶೇ 30ರಷ್ಟು ಮಂದಿಗೂ 80 ವರ್ಷದವರಲ್ಲಿ ಶೇ 84ರಷ್ಟು ಮಂದಿಗೂ ಡಿಸ್ಕ್ ಬಲ್ಜ್ ಇರುತ್ತದೆ. ತಲೆಗೂದಲು ನೆರೆಯುವಂತೆ ಡಿಸ್ಕೂ ನೆರೆಯುತ್ತದೆ. ಇದನ್ನು ಮೊದಲ ದಿನವೇ ಯಾರಾದರೂ ಹೇಳಿದ್ದರೆ ಆ ಚೀಲ ಅಷ್ಟು ದಪ್ಪಗಾಗುತ್ತಿರಲಿಲ್ಲ.

'ಮನಸ್ಸಿನ ನೋವು' ಎಂದರೆ ಸುಳ್ಳು ನೋವಲ್ಲ

ಸಕಲೇಶಪುರ, ಆಲೂರು ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಒಂದು ರಾತ್ರಿ ಆನೆ ಬಂದು ಬಾಳೆ, ಬೇಲಿ ಎಲ್ಲ ತುಳಿದು ಹೋಗುತ್ತದೆ. ಮಾರನೆಯ ದಿನದಿಂದ ಮನೆಯ ನಾಯಿ ಒಣಗಿದ ಎಲೆ ಬಿದ್ದರೂ ಬೊಗಳುತ್ತದೆ. ಆನೆ ಈಗ ಇಲ್ಲ. ಆದರೆ ಬೊಗಳುವುದು ನಾಟಕವಲ್ಲ, ಮನೆಯವರ ನಿದ್ದೆ ಕೆಡುವುದೂ ನಾಟಕವಲ್ಲ. ನರಮಂಡಲವೂ ಹೀಗೆ ಎಚ್ಚರದಲ್ಲೇ ಉಳಿದುಬಿಡಬಹುದು. ಪೆಟ್ಟು ವಾಸಿಯಾದ ಮೇಲೂ, ಕೆಲವೊಮ್ಮೆ ಪೆಟ್ಟೇ ಆಗದಿದ್ದರೂ, ಮಿದುಳು ಅಪಾಯವೆಂದು ಕೂಗುತ್ತಲೇ ಇರುತ್ತದೆ. ಒತ್ತಡ, ನಿದ್ದೆಗೇಡು, ಭಯ ಆ ಕೂಗನ್ನು ಜೋರು ಮಾಡುತ್ತವೆ.

ಮೂರು ತಿಂಗಳಿಗಿಂತ ಹೆಚ್ಚು ಉಳಿದ ಅಥವಾ ಮರುಕಳಿಸುವ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ, ಐಸಿಡಿ-11ರಲ್ಲಿ, ನೋವೇ ಒಂದು ಕಾಯಿಲೆಯಾಗಿ ಉಳಿದಿರುವ ಸ್ಥಿತಿಗೆ ಪ್ರತ್ಯೇಕ ಹೆಸರೂ ಜಾಗವೂ ಸಿಕ್ಕಿವೆ. ಹಾಗಾಗಿ 'ನಿಮಗೆ ಏನೂ ಇಲ್ಲ' ಎನ್ನುವುದು ಈಗ ಹಳೆಯ ಉತ್ತರ.

ಎರಡು ವಾರ ನೋವಿನ ಲೆಕ್ಕ ಬರೆಯಿರಿ

ಇಡೀ ಹುಡುಕಾಟದಲ್ಲಿ ನನಗೆ ಅತಿ ಹೆಚ್ಚು ಉಪಯೋಗವಾದದ್ದು ಹತ್ತು ರೂಪಾಯಿಯ ಒಂದು ನೋಟ್‌ಬುಕ್. ದಿನಕ್ಕೆ ಮೂರು ಹೊತ್ತು ನಾಲ್ಕು ಸಂಗತಿ ಬರೆದರೆ ಸಾಕು: ನೋವು ಎಲ್ಲಿ, ಹೇಗಿದೆ, ಆಗ ಏನು ಮಾಡುತ್ತಿದ್ದಿರಿ, ಹಿಂದಿನ ರಾತ್ರಿ ನಿದ್ದೆ ಎಷ್ಟು. ಹತ್ತಕ್ಕೆ ಎಷ್ಟು ಎಂಬ ಅಂಕೆ ಕೊಡುವುದಾದರೆ ಕೊಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಕನ್ನಡದಲ್ಲಿ ನೋವಿಗೆ ಇರುವಷ್ಟು ಮಾತು ಆ ಅಂಕೆಯಲ್ಲಿ ಹಿಡಿಸುವುದಿಲ್ಲ. ಸೆಳೆತ ಬೇರೆ, ಸಿಡಿತ ಬೇರೆ. ಚುಚ್ಚುವುದು, ಉರಿಯುವುದು, ಹಿಂಡುವುದು, ನುಲಿಯುವುದು, ಜೋಮು ಹಿಡಿಯುವುದು, ಕಳಕ್ಕೆಂದು ಹಿಡಿದುಕೊಳ್ಳುವುದು, ಭಾರ ಹೊತ್ತಂತಿರುವುದು ಎಲ್ಲ ಬೇರೆ ಬೇರೆ. ನಿಮ್ಮ ಅಜ್ಜಿ ಯಾವ ಪದ ಬಳಸುತ್ತಿದ್ದರೋ ಅದನ್ನೇ ಬರೆಯಿರಿ. ಚಿಕಿತ್ಸಕರನ್ನು ಆರಿಸುವಾಗಲೂ ಈ ಪದಗಳು ಕೆಲಸಕ್ಕೆ ಬರುತ್ತವೆ, ಅದನ್ನು ಮುಂದೆ ಹೇಳುತ್ತೇನೆ.

ನನ್ನ ನೋಟ್‌ಬುಕ್ ತಿರುವಿದಾಗ ಕಂಡದ್ದು ಇದು: ಕೊಯ್ಲಿನ ಕಾಲದಲ್ಲಿ ದಿನಕ್ಕೆ ಹನ್ನೊಂದು ಗಂಟೆ ಕೂತು ಮೂಟೆಗಳ ಲೆಕ್ಕ ಬರೆದ ವಾರದಲ್ಲಿ ಕತ್ತು ಅಷ್ಟೇನೂ ನೋಯಲಿಲ್ಲ. ಅಣ್ಣನ ಜೊತೆಗಿನ ಪಾಲಿನ ದಾವೆಯ ವಾಯಿದೆ ಇದ್ದ ಹಿಂದಿನ ದಿನ, ರಜೆ ಹಾಕಿ ಮಲಗಿದ್ದರೂ, ಕತ್ತು ಕಲ್ಲಾಗಿತ್ತು. ಎರಡು ವಾರದಲ್ಲಿ ಒಂದೇ ವಾಯಿದೆ. ಅದೊಂದೇ ಸಾಕ್ಷಿಯಾಗಲಾರದು ಎಂದು ಮತ್ತೆರಡು ತಿಂಗಳು ಬರೆದೆ. ಪ್ರತಿ ವಾಯಿದೆಗೂ ಅದೇ ಕಥೆ.

ನೋವು ಜಾಗ ಬದಲಿಸುವುದು, ಕಷ್ಟದ ಕಾಲದಲ್ಲಿ ಶುರುವಾಗಿರುವುದು, ನೆಂಟರ ಮನೆಯ ಮದುವೆಯಲ್ಲಿ ಮರೆತೇಹೋಗಿ ಮನೆಗೆ ಬಂದೊಡನೆ ಮರಳುವುದು, ಜೊತೆಗೆ ತಲೆನೋವು, ಹೊಟ್ಟೆಯ ತೊಂದರೆ ಇರುವುದು, ಇವೆಲ್ಲ ನರಮಂಡಲದ ಕಡೆ ಬೆರಳು ತೋರಿಸುವ ಗುರುತುಗಳು. ಬೆರಳು ತೋರಿಸುತ್ತವೆ ಅಷ್ಟೇ. ಮೇಲೆ ಹೇಳಿದ ತಪಾಸಣೆಗೆ ಬದಲಿಯಲ್ಲ.

ಯಾರು ಯಾರು ಎಂದು ತಿಳಿದುಕೊಳ್ಳಿ

ನಮ್ಮ ಕಡೆ ಎಲ್ಲರನ್ನೂ 'ಮೆಂಟಲ್ ಡಾಕ್ಟ್ರು' ಎಂದು ಒಂದೇ ಬುಟ್ಟಿಗೆ ಹಾಕುತ್ತಾರೆ. ಮನೋವೈದ್ಯರು ಎಂಬಿಬಿಎಸ್ ನಂತರ ಮನೋವೈದ್ಯಶಾಸ್ತ್ರ ಓದಿದವರು, ಔಷಧ ಬರೆಯಬಲ್ಲವರು. ಅಮಿಟ್ರಿಪ್ಟಿಲಿನ್, ಡ್ಯುಲೊಕ್ಸೆಟಿನ್‌ನಂತಹ ಮಾತ್ರೆಗಳು ಖಿನ್ನತೆಗೆ ಹೇಗೋ ದೀರ್ಘಕಾಲದ ನೋವಿಗೂ ಹಾಗೆಯೇ ಬಳಕೆಯಲ್ಲಿವೆ. ಅಂಗಡಿಯವನು ಪೊಟ್ಟಣ ನೋಡಿ ಮುಖ ನೋಡಿದನೆಂದು ಗಾಬರಿಯಾಗಬೇಡಿ, ಹಾಗೆಯೇ ನೀವಾಗಿಯೇ ಒಮ್ಮೆಲೇ ನಿಲ್ಲಿಸಲೂ ಬೇಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಔಷಧ ಬರೆಯುವುದಿಲ್ಲ, ಮಾತಿನ ಚಿಕಿತ್ಸೆಯೇ ಅವರ ಕಸುಬು. ಅದಕ್ಕೆ ಎಂ.ಫಿಲ್ ಅಥವಾ ಸೈ.ಡಿ.ಯಂತಹ ತರಬೇತಿ ಪಡೆದು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಮಾಡಿಸಿರಬೇಕು. ನೋಂದಣಿ ಸಂಖ್ಯೆ ಕೇಳಿದರೆ ಒಳ್ಳೆಯವರು ಬೇಸರಿಸುವುದಿಲ್ಲ. ಪರಿಷತ್ತಿನ ಜಾಲತಾಣದಲ್ಲಿ ಹೆಸರು ಹುಡುಕಿ ನೋಡಬಹುದು. ಸರ್ಕಾರಿ ತಂಡಗಳಲ್ಲಿ ಮನೋಸಾಮಾಜಿಕ ಕಾರ್ಯಕರ್ತರೂ ಇರುತ್ತಾರೆ. ಮನೆಯ ಜಗಳ, ಸಾಲ, ಕೆಲಸದ ತೊಡಕು ಬಿಡಿಸುವಲ್ಲಿ ಅವರ ನೆರವು ದೊಡ್ಡದು.

'ಆಪ್ತಸಮಾಲೋಚಕ' ಎಂಬ ಹೆಸರಿನ ವಿಷಯದಲ್ಲಿ ಮಾತ್ರ ಕಣ್ಣು ತೆರೆದಿರಲಿ. ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು ವರ್ಷಗಟ್ಟಲೆ ಪಳಗಿದವರೂ ಆ ಫಲಕ ಹಾಕಿರುತ್ತಾರೆ, ವಾರಾಂತ್ಯದ ಶಿಬಿರ ಮುಗಿಸಿದವರೂ ಹಾಕಿರುತ್ತಾರೆ. ನಾನು ಹೋದ ಮೊದಲನೆಯವರು ಎರಡನೆಯ ಜಾತಿ. ನನ್ನ ಮಾತು ಮುಗಿಯುವ ಮೊದಲೇ "ಅಣ್ಣನನ್ನು ಕ್ಷಮಿಸಿಬಿಡಿ, ನೋವು ಹೋಗುತ್ತದೆ" ಎಂದರು. ಅಷ್ಟಕ್ಕೆ ರಸೀದಿಯಿಲ್ಲದ ಶುಲ್ಕ. ಎರಡನೆಯವರು ಓದಿದವರೇ, ಮೃದುವಾಗಿಯೂ ಮಾತಾಡಿಸಿದರು; ಆದರೆ ಆರು ಭೇಟಿಯಲ್ಲಿ ನನ್ನ ಬಾಲ್ಯವೆಲ್ಲ ಹೊರಬಂತೇ ಹೊರತು ಕತ್ತಿನ ಹೆಸರು ಒಮ್ಮೆಯೂ ಬರಲಿಲ್ಲ.

ಎಲ್ಲಿ ಹುಡುಕಬೇಕು

ಹಾಸನದಲ್ಲಿದ್ದರೆ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ, ಅಂದರೆ ಹಿಮ್ಸ್‌ನ, ಮನೋವೈದ್ಯ ವಿಭಾಗದಿಂದ ಶುರು ಮಾಡಿ. ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ ಇದೆ. ಎರಡೂ ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಗಳಿವೆ. ಈ ಕಾರ್ಯಕ್ರಮಕ್ಕೆ ದೇಶದಲ್ಲೇ ಮಾದರಿ ಹಾಕಿಕೊಟ್ಟದ್ದು ನಮ್ಮ ಬಳ್ಳಾರಿ ಜಿಲ್ಲೆ ಎಂಬುದು ಹೆಚ್ಚು ಮಂದಿಗೆ ಗೊತ್ತಿಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮಾನಸಿಕ ಆರೋಗ್ಯ ತಪಾಸಣೆಯ ವ್ಯವಸ್ಥೆ ಮಾಡಲಾಗಿದೆ; ನಿಮ್ಮ ತಾಲ್ಲೂಕಿನಲ್ಲಿ ತಜ್ಞರು ಬರುವ ದಿನ ಯಾವುದೆಂದು ಹೋಗುವ ಮುನ್ನ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಶೃಂಗೇರಿಯಿಂದಲೋ ಅರಕಲಗೂಡಿನಿಂದಲೋ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರುವ ಒಂದು ದಿನದ ಕೂಲಿ ಉಳಿಯುತ್ತದೆ.

ಸರ್ಕಾರಿ ಹೊರರೋಗಿ ವಿಭಾಗದಲ್ಲಿ ಜನಸಂದಣಿ ಇರುತ್ತದೆ, ಮಾತಿಗೆ ಸಿಗುವ ಸಮಯ ಕಡಿಮೆ. ಅಲ್ಲಿ ನೀವು ಕೇಳಬೇಕಾದ್ದು ಇಷ್ಟೇ: "ದೀರ್ಘಕಾಲದ ನೋವಿಗೆ ಮನೋಚಿಕಿತ್ಸೆ ಬೇಕು, ಇಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಇದ್ದಾರೆಯೇ, ಇಲ್ಲದಿದ್ದರೆ ಎಲ್ಲಿಗೆ ಬರೆದುಕೊಡುತ್ತೀರಿ?" ಎಲ್ಲಿಂದ ಶುರು ಮಾಡಬೇಕೆಂದೇ ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಇದು ಟೆಲಿ-ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ನೋವು ತಾಳಲಾರದೆ ಬದುಕೇ ಬೇಡ ಎನ್ನಿಸಿದ ರಾತ್ರಿ ಇದೇ ಸಂಖ್ಯೆಗೆ ಕರೆ ಮಾಡಿ, ಮನೆಯಲ್ಲಿ ಒಬ್ಬರನ್ನು ಎಬ್ಬಿಸಿ ಹೇಳಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಭೇಟಿಯ ದಿನ ಬರಲಿ ಎಂದು ಕಾಯುವ ಸಂಗತಿ ಅದಲ್ಲ.

ಜಿಲ್ಲೆಯ ಹೊರಗೆ ಹೋಗುವುದಾದರೆ ಬೆಂಗಳೂರಿನ ನಿಮ್ಹಾನ್ಸ್ ಹಾಸನದಿಂದ ಸುಮಾರು 185 ಕಿಲೋಮೀಟರ್. ವಾರವಾರ ಅಲ್ಲಿಗೆ ಓಡಾಡಿದರೆ ಬಸ್ಸಿನಲ್ಲೇ ಸೊಂಟ ಹೋಗುತ್ತದೆ. ಒಮ್ಮೆ ಹೋಗಿ ಸರಿಯಾದ ತಪಾಸಣೆ ಮಾಡಿಸಿಕೊಂಡು, ಮುಂದಿನ ಮಾತಿನ ಚಿಕಿತ್ಸೆಯನ್ನು ಊರಿನಲ್ಲೋ ವಿಡಿಯೊ ಕರೆಯಲ್ಲೋ ಮುಂದುವರಿಸುವುದು ಜಾಣತನ. ಮೊದಲ ಭೇಟಿ ಎದುರಾಬದುರು ಕೂತು, ಆಮೇಲೆ ನಾನು ಮಾಡಿದ್ದೂ ವಿಡಿಯೊ ಕರೆಯೇ. ಮಲೆನಾಡಿನಲ್ಲಿ ಅದಕ್ಕೆ ಅದರದೇ ಫಜೀತಿಗಳಿವೆ. ಜುಲೈ ಮಳೆಯಲ್ಲಿ ಕರೆಂಟ್ ಹೋದರೆ ಟವರ್ ಸಹ ಹೋಗುತ್ತದೆ. ಹಾಗಾಗಿ ಕರೆ ಕಡಿದರೆ ಫೋನಿನಲ್ಲಿ ಮುಂದುವರಿಸುವುದೋ ಇನ್ನೊಂದು ದಿನವೋ ಎಂದು ಮೊದಲೇ ಮಾತಾಡಿಕೊಳ್ಳಿ. ಗುಟ್ಟಿನ ಪ್ರಶ್ನೆ ಇನ್ನೂ ದೊಡ್ಡದು: ಜಗಲಿಯಲ್ಲಿ ಕೂತು ಮಾತಾಡಿದರೆ ಒಳಕೋಣೆಗೆಲ್ಲ ಕೇಳುತ್ತದೆ. ನಾನು ಸ್ನೇಹಿತನ ಕಾರನ್ನು ಊರ ಹೊರಗಿನ ಏರಿಯ ಮೇಲೆ ನಿಲ್ಲಿಸಿ ಮಾತಾಡುತ್ತಿದ್ದೆ. ಅಲ್ಲಿ ನೆಟ್‌ವರ್ಕ್ ಕೂಡ ಚೆನ್ನಾಗಿತ್ತು.

ಹೋಗುವ ಮೊದಲು ಹತ್ತು ನಿಮಿಷದ ಫೋನ್

ಹುಡುಗಿ ನೋಡಲು ಹೋಗುವ ಮೊದಲು ನಾಲ್ಕು ಕಡೆ ವಿಚಾರಿಸುವ ನಾವು ಚಿಕಿತ್ಸಕರ ಬಗ್ಗೆ ಮಾತ್ರ ಏನನ್ನೂ ಕೇಳುವುದಿಲ್ಲ. ಕೇಳಿ. ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ: "ದೀರ್ಘಕಾಲದ ನೋವಿರುವವರಿಗೆ ಮೊದಲು ಚಿಕಿತ್ಸೆ ಕೊಟ್ಟಿದ್ದೀರಾ?" ಆತಂಕಕ್ಕೆ, ಖಿನ್ನತೆಗೆ ಚಿಕಿತ್ಸೆ ಕೊಟ್ಟು ಪಳಗಿದವರೆಲ್ಲ ನೋವಿನಲ್ಲಿ ಪಳಗಿರುವುದಿಲ್ಲ. "ಇಲ್ಲ, ಆದರೆ ಪಳಗಿದವರ ಮಾರ್ಗದರ್ಶನ ಪಡೆದು ಮಾಡುತ್ತೇನೆ" ಎಂದರೆ ಅದೂ ಪ್ರಾಮಾಣಿಕ ಉತ್ತರವೇ. "ಎಲ್ಲ ನೋವೂ ಮನಸ್ಸಿನದೇ" ಎಂದರೆ ಫೋನ್ ಇಡಿ.

ಎರಡನೆಯದು: "ನನ್ನ ನೋವು ಏಕೆ ಬರುತ್ತಿದೆ ಎಂದು ನಿಮಗನ್ನಿಸುತ್ತದೆ?" ಇದು ಬಲೆ. ನೋಡದೆಯೇ ಕಾರಣ ಹೇಳುವವರು ಬೇಡ. ವೈದ್ಯರ ವರದಿ ತನ್ನಿ, ಮಾತಾಡೋಣ ಎನ್ನುವವರು ಬೇಕು.

ಮೂರನೆಯದು ಭಾಷೆ. ಆ ನೋಟ್‌ಬುಕ್ಕಿನ ಪದಗಳು ಬೇಕಾಗುವುದು ಇಲ್ಲಿ. "ಬೆನ್ನಿನಲ್ಲಿ ಸಿಡಿದ ಹಾಗಾಗಿ ಆಮೇಲೆ ಜೋಮು ಹಿಡಿಯುತ್ತದೆ" ಎಂದು ಹೇಳಿ ನೋಡಿ. ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಾಗಿ ಬಂದರೆ ಅರ್ಧ ನೋವು ದಾರಿಯಲ್ಲೇ ಉದುರಿಹೋಗುತ್ತದೆ. ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಈ ಮಾತು ಹೊರಡುವುದು ಮನೆಮಾತಿನಲ್ಲೇ. ತುಳು, ಕೊಂಕಣಿ, ಬ್ಯಾರಿ ಮನೆಮಾತಿನವರು ಅದನ್ನು ಬಲ್ಲವರಿಗಾಗಿ ಕರಾವಳಿಯ ಕಡೆ ವಿಡಿಯೊ ಮೂಲಕ ಹುಡುಕುವುದು ಒಳ್ಳೆಯದು.

ಶುಲ್ಕ ಎಷ್ಟು, ಒಂದು ಭೇಟಿ ಎಷ್ಟು ಹೊತ್ತು, ತಪ್ಪಿಸಿದರೆ ಹಣ ಕೊಡಬೇಕೇ, ರಸೀದಿ ಕೊಡುತ್ತೀರಾ ಎಂಬುದನ್ನೂ ಸಂಕೋಚವಿಲ್ಲದೆ ಕೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ದೈಹಿಕ ಕಾಯಿಲೆಗೆ ಹೇಗೋ ಹಾಗೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ಆದರೆ ಎಷ್ಟೋ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುತ್ತವೆ. ಹೊರರೋಗಿಯಾಗಿ ಮಾತಿನ ಚಿಕಿತ್ಸೆ ಪಡೆದರೆ ಏನು ಎಂದು ನಿಮ್ಮ ಪಾಲಿಸಿಯ ಪುಟಗಳಲ್ಲೇ ನೋಡಬೇಕು.

ಯಾವ ಬಗೆಯ ಚಿಕಿತ್ಸೆ

ಹೆಸರುಗಳು ತಲೆ ತಿರುಗಿಸುತ್ತವೆ. ಸಿಬಿಟಿ ಎಂಬುದು ಹೆಚ್ಚು ಹರಡಿರುವುದು: ನೋವಿನ ಬಗೆಗಿನ ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಪದ್ಧತಿ. ಸಾಕಷ್ಟು ಅಧ್ಯಯನಗಳ ಬೆಂಬಲವಿದೆ, ಸಿಗುವ ಪ್ರಯೋಜನ ಸರಾಸರಿಯಲ್ಲಿ ಸಾಧಾರಣ. ಎಸಿಟಿ ಎಂಬುದು ನೋವಿನ ಜೊತೆ ಕುಸ್ತಿ ಬಿಟ್ಟು ಬದುಕಿನ ಕೆಲಸಗಳಿಗೆ ಮರಳಲು ಕಲಿಸುತ್ತದೆ. ಅದುಮಿಟ್ಟ ಸಿಟ್ಟು, ದುಃಖವನ್ನು ಗುರುತಿಸಿ ಹೊರಹಾಕಿಸುವ ಪದ್ಧತಿಯೂ ಇದೆ. ನೋವು ಅಪಾಯದ ಸೂಚನೆಯಲ್ಲ ಎಂದು ಮಿದುಳಿಗೆ ಮತ್ತೆ ಕಲಿಸುವ 'ಪೇನ್ ರೀಪ್ರೊಸೆಸಿಂಗ್' ಇತ್ತೀಚಿನದು. ಅಮೆರಿಕದ ಕೊಲೊರಾಡೊದಲ್ಲಿ ಸುಮಾರು 150 ಬೆನ್ನುನೋವಿನವರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಚಿಕಿತ್ಸೆ ಪಡೆದವರಲ್ಲಿ ಶೇ 66ರಷ್ಟು ಮಂದಿ ನೋವಿನಿಂದ ಪೂರ್ತಿ ಅಥವಾ ಬಹುಪಾಲು ಬಿಡುಗಡೆ ಪಡೆದರು. ಹುಸಿ ಚುಚ್ಚುಮದ್ದು ಪಡೆದವರಲ್ಲಿ ಶೇ 20, ಎಂದಿನ ಆರೈಕೆಯಲ್ಲೇ ಇದ್ದವರಲ್ಲಿ ಶೇ 10. ಅಂಕೆ ಆಸೆ ಹುಟ್ಟಿಸುತ್ತದೆ ನಿಜ. ಆದರೆ ಆ ಪ್ರಯೋಗದಲ್ಲಿದ್ದವರು ಓದಿದ, ಓಡಾಡಿಕೊಂಡಿದ್ದ ಜನ. ಮೂಡಿಗೆರೆಯ ಇಳಿಜಾರಿನಲ್ಲಿ ದಿನವಿಡೀ ಬುಟ್ಟಿ ಕಟ್ಟಿಕೊಂಡು ಹಣ್ಣು ಕುಯ್ಯುವ ಹೆಂಗಸಿನ ಸೊಂಟಕ್ಕೆ ಅದೇ ಅಂಕೆ ಹೊಂದುತ್ತದೆಂದು ನಾನು ನಂಬುವುದಿಲ್ಲ. ಆಕೆಗೆ ಮಾತಿನ ಚಿಕಿತ್ಸೆಯ ಜೊತೆ ಕೆಲಸದ ಭಾರ ಇಳಿಯುವುದೂ ಬೇಕು.

ಪದ್ಧತಿಯ ಹೆಸರಿಗಿಂತ ಮುಖ್ಯವಾದದ್ದು ಚಿಕಿತ್ಸಕರು ಅದನ್ನು ನಿಮಗೆ ತಿಳಿಯುವ ಹಾಗೆ ಹೇಳಬಲ್ಲರೇ ಎಂಬುದು. ನನ್ನ ಮೂರನೆಯವರು ಮೊದಲ ದಿನ ನೋಟ್‌ಬುಕ್ ಪೂರ್ತಿ ಓದಿದರು. ವಾಯಿದೆಯ ದಿನಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ, ಏನನ್ನೂ ಹೇಳದೆ ನನ್ನ ಕಡೆ ತಿರುಗಿಸಿದರು. ಆಮೇಲೆ ಕೇಳಿದ್ದು, "ನೋವಿಲ್ಲದಿದ್ದರೆ ಈ ತಿಂಗಳು ಏನು ಮಾಡುತ್ತಿದ್ದಿರಿ?" ನಾನು ಹೇಳಿದ್ದು ಕೆಲಸಕ್ಕೆ ಬಾರದ ಒಂದು ಆಸೆ: ಬೇಲೂರಿಗೆ ಸ್ಕೂಟರಿನಲ್ಲಿ ಹೋಗಿ ಬರುವುದು. ಅದನ್ನೇ ಗುರಿಯೆಂದು ಬರೆದುಕೊಂಡರು. ಮೊದಲ ವಾರ ಎರಡು ಕಿಲೋಮೀಟರ್.

ನಾಲ್ಕು ಭೇಟಿಯ ನಂತರ ನಿರ್ಧರಿಸಿ

ಮೊದಲ ಭೇಟಿಯಲ್ಲಿ ಅತ್ತು ಹಗುರಾಗುವುದು ಚಿಕಿತ್ಸೆ ಫಲಿಸಿದ್ದರ ಗುರುತಲ್ಲ, ಎರಡನೆಯದರ ನಂತರ ನೋವು ಹೆಚ್ಚಾಗುವುದು ಸೋಲಿನ ಗುರುತೂ ಅಲ್ಲ. ನಾಲ್ಕರ ಹೊತ್ತಿಗೆ ನಿಮ್ಮನ್ನೇ ಕೇಳಿಕೊಳ್ಳಿ: ನನ್ನ ನೋವನ್ನು ಇವರು ನಂಬಿದ್ದಾರೆಯೇ? ಮುಂದೇನು ಎಂಬ ಯೋಜನೆ ಇದೆಯೇ? ಮನೆಯಲ್ಲಿ ಮಾಡಬೇಕಾದ ಅಭ್ಯಾಸ ಕೊಟ್ಟಿದ್ದಾರೆಯೇ? ಬಿಟ್ಟಿದ್ದ ಒಂದಾದರೂ ಕೆಲಸಕ್ಕೆ ಕೈ ಹಾಕಿದ್ದೇನೆಯೇ? ನೋವಿನ ಅಂಕೆ ಇಳಿಯುವುದಕ್ಕಿಂತ ಎಷ್ಟೋ ಮೊದಲು ಬದುಕು ಸ್ವಲ್ಪ ಅಗಲವಾಗುತ್ತದೆ. ಅಂಕೆಯನ್ನೇ ಕಾಯುತ್ತ ಕೂತರೆ ಇದು ಕಾಣುವುದಿಲ್ಲ.

ಸರಿಯೆನಿಸದಿದ್ದರೆ ಹೇಳದೆ ಕೇಳದೆ ನಿಲ್ಲಿಸಬೇಡಿ. ನಾನು ಎರಡನೆಯವರಿಗೆ ಹಾಗೆ ಮಾಡಿದೆ, ಈಗಲೂ ಮುಜುಗರವಿದೆ. "ನೋವಿನ ಬಗ್ಗೆ ಹೆಚ್ಚು ಕೆಲಸ ಆಗಬೇಕಿತ್ತು" ಎಂದು ಬಾಯಿಬಿಟ್ಟು ಹೇಳಿದ್ದರೆ ಬಹುಶಃ ಅವರೇ ದಾರಿ ಬದಲಿಸುತ್ತಿದ್ದರು, ಇಲ್ಲವೇ ಬೇರೆಯವರ ಹೆಸರು ಕೊಡುತ್ತಿದ್ದರು. ಆದರೆ 21 ದಿನದಲ್ಲಿ ಗ್ಯಾರಂಟಿ ಎನ್ನುವವರು, ವೈದ್ಯರ ಮಾತ್ರೆ ಬಿಡಿ ಎನ್ನುವವರು, ಒಟ್ಟು ಹಣ ಮುಂಗಡ ಕೇಳುವವರು, ನಿಮ್ಮ ಮುಂದೆ ಇನ್ನೊಬ್ಬರ ಕಥೆಯನ್ನು ಊರು ಗುರುತು ಸಿಗುವಂತೆ ಹೇಳುವವರು, ಇವರಿಗೆ ಯಾವ ವಿವರಣೆಯೂ ಬೇಕಿಲ್ಲ. ನಿಮ್ಮ ಮಾತನ್ನು ಗುಟ್ಟಾಗಿಡುವುದು ಉಪಕಾರವಲ್ಲ, 2017ರ ಕಾಯ್ದೆಯಲ್ಲಿ ಅದು ನಿಮ್ಮ ಹಕ್ಕು. ಜೀವಕ್ಕೆ ಅಪಾಯವಿರುವಂತಹ ಕೆಲವು ಸಂದರ್ಭಗಳಷ್ಟೇ ಅದಕ್ಕೆ ಹೊರತು. ಅವು ಯಾವುವೆಂದು ಮೊದಲ ದಿನವೇ ಕೇಳಿ.

ಮನೆಯವರಿಗೆ ಏನು ಹೇಳುವುದು

ಅಮ್ಮನಿಗೆ ಹೇಳಿದಾಗ ಬಂದ ಮೊದಲ ಮಾತು, "ನಿನಗೇನು ಹುಚ್ಚು ಹಿಡಿದಿದೆಯೇನಪ್ಪಾ?" ವಾದ ಮಾಡಲಿಲ್ಲ. "ನರದ ಚಿಕಿತ್ಸೆ ಅಮ್ಮ, ಮಾತಿನಲ್ಲಿ ಮಾಡುತ್ತಾರೆ" ಎಂದೆ. ಅದು ಸುಳ್ಳೂ ಅಲ್ಲವಲ್ಲ. ದೇವರಿಗೆ ಹರಕೆ ಹೊತ್ತರು, ಹೊರಲಿ. ಎಣ್ಣೆ ತಿಕ್ಕಿ ಬಿಸಿನೀರು ಹಾಕಿದರು, ಹಿತವಾಗಿಯೇ ಇತ್ತು. ಮನೆಯವರಿಂದ ಒಂದೇ ಸಹಾಯ ಕೇಳಿ: ದಿನಕ್ಕೆ ಹತ್ತು ಸಲ "ಈಗ ನೋವು ಹೇಗಿದೆ?" ಎಂದು ವಿಚಾರಿಸದಿರುವುದು. ಮಲಗಿದ್ದ ನಾಯಿಯನ್ನು ಎಬ್ಬಿಸಿ ಆನೆ ಬಂತೇ ಎಂದು ಕೇಳಿದಂತೆ ಅದು.

ಚಿಕಿತ್ಸೆ ಮುಗಿಯುವಾಗ ಒಂದು ಹಾಳೆ ಕೇಳಿ ಪಡೆಯಿರಿ

ನೋವು ಮರಳಿ ಬರುತ್ತದೆ, ಯಾವುದೋ ಸಾವು, ಸಾಲ, ಮಗುವಿನ ಪರೀಕ್ಷೆಯ ಬೆನ್ನಲ್ಲಿ. ಆಗ ಏನು ಮಾಡಬೇಕೆಂದು ಕೊನೆಯ ಭೇಟಿಯಲ್ಲಿ ಚಿಕಿತ್ಸಕರ ಜೊತೆ ಕೂತು ಬರೆದಿಟ್ಟುಕೊಳ್ಳಿ. ನನ್ನ ಹಾಳೆ ಬೀರುವಿನ ಬಾಗಿಲ ಒಳಗೆ ಅಂಟಿಸಿದೆ. ಮೊದಲ ಸಾಲು: ಇದು ಹಳೆಯ ನೋವೇ, ಹೊಸದೇ? ಹೊಸದಾದರೆ ವೈದ್ಯರ ಬಳಿ ಹೋಗು. ಎರಡನೆಯದು: ಹಳೆಯದಾದರೆ ಈ ವಾರ ಏನು ನಡೆಯಿತು ಎಂದು ನೋಟ್‌ಬುಕ್ ತೆಗೆದು ಬರೆ. ಮೂರನೆಯದು: ನಡೆಯುವುದನ್ನು ನಿಲ್ಲಿಸಬೇಡ, ಅರ್ಧಕ್ಕೆ ಇಳಿಸು. ನಾಲ್ಕನೆಯದು: ಎರಡು ವಾರದಲ್ಲಿ ತಗ್ಗದಿದ್ದರೆ ಫೋನ್ ಮಾಡು. ಕೆಳಗೆ ಚಿಕಿತ್ಸಕರ ಸಂಖ್ಯೆ, ಅದರ ಕೆಳಗೆ 14416. ಜವಳಿ ಅಂಗಡಿಯ ಚೀಲ ಅದೇ ಬೀರುವಿನ ಮೇಲೆ ಇನ್ನೂ ಇದೆ. ಹೋದ ಚಳಿಗಾಲದಿಂದ ಈಚೆಗೆ ಅದಕ್ಕೆ ಹೊಸ ಹಾಳೆ ಸೇರಿಲ್ಲ.